ಎಲ್ಲಾ ಟೆಸ್ಟ್ ಎಲ್ಲಾ ಕಡೆ ಓಡಬೇಕಿಲ್ಲ: ಪೈಟೆಸ್ಟ್‌ನಲ್ಲಿ ಷರತ್ತು ಹಾಕುವುದು ಹೇಗೆ

ನಾಲ್ಕು ತಿಂಗಳು ನಮ್ಮ ಬಿಲ್ಡ್ ಹಸಿರಾಗಿಯೇ ಇತ್ತು, ಅಂದರೆ ಒಂದು ಟೆಸ್ಟ್ ಕೂಡ ಫೇಲ್ ಆಗಿರಲಿಲ್ಲ. ಗ್ರಾಹಕರಿಗೆ ಹಣ ವಾಪಸ್ ಕೊಡುವ ಕೋಡ್ ಮಾತ್ರ ಕೆಟ್ಟು ಕೂತಿತ್ತು. ಅದಕ್ಕೆ ಟೆಸ್ಟ್ ಇರಲಿಲ್ಲವಾ? ಇದ್ದವು, 41 ಇದ್ದವು. ಒಂದೂ ಓಡುತ್ತಿರಲಿಲ್ಲ.

ನಾನು ಆಗ ಕೆಲಸ ಮಾಡುತ್ತಿದ್ದ ಕಡೆ ಯಾರೋ ಸಿಐ ಸರ್ವರ್‌ನಲ್ಲಿ (ಕೋಡ್ ಬದಲಾದಾಗಲೆಲ್ಲ ತಾನಾಗಿ ಟೆಸ್ಟ್ ಓಡಿಸುವ ಮೆಷಿನ್) ಒಂದು ಎನ್ವಿರಾನ್‌ಮೆಂಟ್ ವೇರಿಯಬಲ್‌ನ (ಪ್ರೋಗ್ರಾಂಗೆ ಹೊರಗಿನಿಂದ ಕೊಡುವ ಸೆಟ್ಟಿಂಗ್) ಹೆಸರು ಬದಲಿಸಿದ್ದರು. 'ಈ ವೇರಿಯಬಲ್ ಇಲ್ಲದಿದ್ದರೆ ಈ ಟೆಸ್ಟ್ ಬಿಟ್ಟುಬಿಡು' ಎಂದು ಆ 41ರ ತಲೆ ಮೇಲೂ ಬರೆದಿದ್ದವನು ನಾನೇ. ಪೈಟೆಸ್ಟ್ (ಪೈಥಾನ್ ಟೆಸ್ಟ್ ಓಡಿಸುವ ಸಾಧನ) ಹೇಳಿದ ಮಾತು ಕೇಳಿತು, ಅಷ್ಟೇ. ಕೊನೆಯ ಸಾಲಿನಲ್ಲಿ ದಿನಾ '41 ಸ್ಕಿಪ್ಡ್' ಎಂದು ಹಳದಿ ಅಕ್ಷರದಲ್ಲಿ ಬರುತ್ತಲೇ ಇತ್ತು. ಹಸಿರು ಟಿಕ್ ಕಂಡ ಮೇಲೆ ಆ ಸಾಲನ್ನು ಯಾರು ಓದುತ್ತಾರೆ?

ಹಾಗಂತ ಷರತ್ತೇ ಬೇಡ ಅನ್ನೋಕೂ ಆಗುವುದಿಲ್ಲ. ವಿಂಡೋಸ್‌ನಲ್ಲಿ ಇಲ್ಲದ ಫಂಕ್ಷನ್ ಅನ್ನು ವಿಂಡೋಸ್‌ನಲ್ಲಿ ಟೆಸ್ಟ್ ಮಾಡೋದು ಹೇಗೆ? ಎಲ್ಲರ ಲ್ಯಾಪ್‌ಟಾಪ್‌ನಲ್ಲೂ ಪೋಸ್ಟ್‌ಗ್ರೆಸ್ ಡೇಟಾಬೇಸ್ ಇರುವುದಿಲ್ಲ. ನಿಜವಾದ ಎಸ್ಸೆಮ್ಮೆಸ್ ಕಳಿಸುವ ಟೆಸ್ಟ್ ದಿನಕ್ಕೆ ಐವತ್ತು ಸಲ ಓಡಬಾರದು. ಷರತ್ತು ಬೇಕು. ಆದರೆ ಪ್ರತಿ ಷರತ್ತಿನ ಜೊತೆ ಒಂದು ಪ್ರಶ್ನೆಗೂ ಉತ್ತರ ಬೇಕು: ಇಲ್ಲಿ ಓಡದಿದ್ದರೆ ಈ ಟೆಸ್ಟ್ ಮತ್ತೆಲ್ಲಿ ಓಡುತ್ತದೆ? ಉತ್ತರ 'ಎಲ್ಲೂ ಇಲ್ಲ' ಅಂತಾದರೆ ಆ ಟೆಸ್ಟ್ ಇದ್ದೂ ಇಲ್ಲದ ಹಾಗೆ.

ಉದಾಹರಣೆಗಳೆಲ್ಲ ಪೈಥಾನ್ ಮತ್ತು ಪೈಟೆಸ್ಟ್‌ನವು. ಜಾವಾದ ಜೆಯುನಿಟ್ ಅಥವಾ ಜಾವಾಸ್ಕ್ರಿಪ್ಟ್‌ನ ಜೆಸ್ಟ್ ಬಳಸುವವರಿಗೆ ಹೆಸರುಗಳು ಬೇರೆ ಇರುತ್ತವೆ, ಯೋಚನೆ ಇದೇ. ಕೋಡ್‌ನ ಹೆಸರುಗಳನ್ನು ಇಲ್ಲಿ ಉಚ್ಚಾರದ ಪ್ರಕಾರ ಕನ್ನಡದಲ್ಲೇ ಬರೆದಿದ್ದೇನೆ. ಎಡಿಟರ್‌ನಲ್ಲಿ ಟೈಪ್ ಮಾಡುವಾಗ ಇಂಗ್ಲಿಷ್ ಸ್ಪೆಲ್ಲಿಂಗ್ ಹಾಕಿಕೊಳ್ಳಿ.

ಹೆಜ್ಜೆ 1: ಸ್ಕಿಪ್ ಹಾಕುವ ಮೊದಲು ಯಾಕೆ ಫೇಲ್ ಆಯ್ತು ನೋಡಿ

'ನನ್ನ ಮೆಷಿನ್‌ನಲ್ಲಿ ಪಾಸ್ ಆಗುತ್ತೆ, ವಿಂಡೋಸ್‌ನಲ್ಲಿ ಫೇಲ್. ವಿಂಡೋಸ್‌ನಲ್ಲಿ ಸ್ಕಿಪ್ ಮಾಡೋಣ ಬಿಡಿ.' ಈ ಮಾತು ಕೇಳದ ಟೀಮ್ ಇಲ್ಲ. ಇಲ್ಲಿ ಎರಡು ಬೇರೆ ವಿಷಯ ಕಲಸಿಹೋಗಿದೆ. ಆ ಟೆಸ್ಟ್ ಅಲ್ಲಿ ಓಡಲು ಸಾಧ್ಯವೇ ಇಲ್ಲದಿರುವುದು ಒಂದು, ಓಡಿ ಫೇಲ್ ಆಗುವುದು ಇನ್ನೊಂದು. ಸ್ಕಿಪ್ ಇರುವುದು ಮೊದಲನೆಯದಕ್ಕೆ. ಎರಡನೆಯದಕ್ಕೆ ಸ್ಕಿಪ್ ಹಾಕಿದರೆ ನೆಗಡಿ ಆಯ್ತು ಅಂತ ಮೂಗು ಕೊಯ್ದುಕೊಂಡ ಹಾಗೆ.

ಒಂದು ಉದಾಹರಣೆ ಹತ್ತಿರದಿಂದ ನೋಡೋಣ. ಕನ್ನಡ ಪದಗಳಿರುವ ಒಂದು ಫೈಲ್ ಇದೆ, ಯುಟಿಎಫ್-8 ಎಂಬ ಎನ್‌ಕೋಡಿಂಗ್‌ನಲ್ಲಿ (ಅಕ್ಷರವನ್ನು ಬೈಟ್‌ಗಳಾಗಿ ಬರೆಯುವ ಕ್ರಮ) ಉಳಿಸಿದ್ದು. ನಿಮ್ಮ ಕೋಡ್ ಅದನ್ನು 'ಓಪನ್' ಮಾಡಿ ಓದುತ್ತದೆ, ಎನ್‌ಕೋಡಿಂಗ್ ಯಾವುದು ಅಂತ ಹೇಳಿಲ್ಲ. ಲಿನಕ್ಸ್‌ನಲ್ಲಿ ಪಾಸ್. ವಿಂಡೋಸ್‌ನಲ್ಲಿ ಪೈಥಾನ್ ಸಿಸ್ಟಮ್‌ನ ಹಳೇ ಕೋಡ್ ಪೇಜ್ (ಯಾವ ಬೈಟ್‌ಗೆ ಯಾವ ಅಕ್ಷರ ಎಂಬ ಪಟ್ಟಿ) ಹಿಡಿಯುತ್ತದೆ, ಇಂಗ್ಲಿಷ್ ವಿಂಡೋಸ್‌ನಲ್ಲಿ ಅದು ಸಾಮಾನ್ಯವಾಗಿ 1252. ಆಗ ಆಗುವ ತಮಾಷೆ ಇದು. ಫೈಲಿನಲ್ಲಿ 'ಮರ' ಎಂದು ಇದ್ದರೆ ಯಾವ ಎರರ್ ಕೂಡ ಬರುವುದಿಲ್ಲ, ಸುಮ್ನೆ ಕಲಸುಮೇಲೋಗರದ ಆರು ಅಕ್ಷರ ಬರುತ್ತವೆ. 'ಅಕ್ಕ' ಎಂದು ಇದ್ದರೆ ಯುನಿಕೋಡ್ ಡಿಕೋಡ್ ಎರರ್! ಯಾಕೆ ಗೊತ್ತಾ? ಒತ್ತಕ್ಷರ ಬಂದಲ್ಲೆಲ್ಲ ಒಳಗೆ ಒಂದು ಹಲಂತ ಚಿಹ್ನೆ ಕೂತಿರುತ್ತದೆ, ಕಣ್ಣಿಗೆ ಕಾಣದ '್'. ಯುಟಿಎಫ್-8ರಲ್ಲಿ ಅದರ ಮೂರನೇ ಬೈಟ್ 8ಡಿ. 1252ರಲ್ಲಿ 8ಡಿ ಜಾಗ ಖಾಲಿ. ಹಾಗಾಗಿ ಪೈಥಾನ್ ಕೈ ಎತ್ತುತ್ತದೆ.

ಅಂದರೆ ಆ ಟೆಸ್ಟ್ ವಿಂಡೋಸ್‌ನಲ್ಲಿ ಫೇಲ್ ಆಗಿ ಒಳ್ಳೆಯದೇ ಮಾಡಿತು. ವಿಂಡೋಸ್ ಬಳಸುವ ಪ್ರತಿ ಕನ್ನಡಿಗನಿಗೂ ಇದೇ ತೊಂದರೆ ಆಗುತ್ತಿತ್ತು. ಇದಕ್ಕೆ ಮದ್ದು ಸ್ಕಿಪ್ ಅಲ್ಲ, 'ಓಪನ್' ಒಳಗೆ ಎನ್‌ಕೋಡಿಂಗ್ ಯುಟಿಎಫ್-8 ಎಂದು ಬರೆಯುವುದು. ಒಂದೇ ಸಾಲು.

ಸಮಯದ್ದೂ ಇಂಥದ್ದೇ ಕಥೆ. ನಮ್ಮ ಲ್ಯಾಪ್‌ಟಾಪ್ ಭಾರತದ ಸಮಯದಲ್ಲಿರುತ್ತದೆ. ಗಿಟ್‌ಹಬ್ ಆಕ್ಷನ್ಸ್ ಎಂಬ ಸಿಐ ಸೇವೆಯ ಮೆಷಿನ್ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ, ನಮಗಿಂತ 5 ಗಂಟೆ 30 ನಿಮಿಷ ಹಿಂದೆ. 'ಇವತ್ತಿನ ಬಿಲ್‌ಗೆ ಇವತ್ತಿನ ಭಾರತದ ತಾರೀಖು ಇರಬೇಕು' ಎಂಬ ಟೆಸ್ಟ್ ಹಗಲೆಲ್ಲ ಪಾಸ್. ರಾತ್ರಿ 12ರಿಂದ ಬೆಳಗ್ಗೆ 5:30ರ ಒಳಗೆ ಓಡಿದರೆ ಮಾತ್ರ ಫೇಲ್, ಯಾಕೆಂದರೆ ಅಲ್ಲಿ ಇನ್ನೂ ನಿನ್ನೆ. ರಾತ್ರಿ ಎರಡು ಗಂಟೆಗೆ ಓಡುವ ಬಿಲ್ಡ್ ಕೆಂಪಾಗಿರುತ್ತದೆ, ಹತ್ತು ಗಂಟೆಗೆ ಆಫೀಸಿಗೆ ಬಂದು ಮತ್ತೆ ಓಡಿಸಿದರೆ ಹಸಿರು. 'ಏನೋ ನೆಟ್‌ವರ್ಕ್ ಪ್ರಾಬ್ಲಂ ಇರಬೇಕು' ಅಂತ ಎಲ್ಲರೂ ಕಾಫಿಗೆ ಹೋಗುತ್ತಾರೆ. ಇಲ್ಲಿ ಕೋಡ್‌ಗೆ ಝೋನ್‌ಇನ್ಫೋ ಎಂಬ ಲೈಬ್ರರಿಯಿಂದ ಏಷ್ಯಾ/ಕೋಲ್ಕತ್ತ ಎಂದು ನೇರವಾಗಿ ಹೇಳಿ. ಝೋನ್‌ಇನ್ಫೋ ಪೈಥಾನ್ 3.9ರಿಂದ ಜೊತೆಗೇ ಬರುತ್ತದೆ. ವಿಂಡೋಸ್‌ನಲ್ಲಿ ಮಾತ್ರ ಟಿಝಡ್‌ಡೇಟಾ ಎಂಬ ಪ್ಯಾಕೇಜ್ ಬೇರೆಯಾಗಿ ಹಾಕಿಕೊಳ್ಳಬೇಕು.

ಇಷ್ಟೆಲ್ಲ ನೋಡಿಯೂ 'ಇಲ್ಲ, ಇದು ಇಲ್ಲಿ ಓಡುವ ಸಾಧ್ಯತೆಯೇ ಇಲ್ಲ' ಎನಿಸಿದರೆ ಮುಂದಿನ ಹೆಜ್ಜೆ.

ಹೆಜ್ಜೆ 2: ಸ್ಕಿಪ್‌ಇಫ್ ಬರೆಯಿರಿ, ಕಾರಣವನ್ನೂ ಬರೆಯಿರಿ

ಟೆಸ್ಟ್ ಫಂಕ್ಷನ್‌ನ ಮೇಲೆ ಪೈಟೆಸ್ಟ್.ಮಾರ್ಕ್.ಸ್ಕಿಪ್‌ಇಫ್ ಡೆಕೊರೇಟರ್ (@ ಚಿಹ್ನೆಯಿಂದ ಶುರುವಾಗುವ ಸಾಲು) ಹಾಕಿ. ಒಳಗೆ ಎರಡು ವಿಷಯ: ಷರತ್ತು ಮತ್ತು 'ರೀಸನ್', ಅಂದರೆ ಕಾರಣ. ಷರತ್ತು ನಿಜವಾದರೆ ಟೆಸ್ಟ್ ಬಿಟ್ಟುಹೋಗುತ್ತದೆ. ಇದನ್ನು ತಿರುಗಾಮುರುಗಾ ಬರೆಯುವವರು ಬಹಳ ಜನ, ನಾನೂ ಸೇರಿ. ಬರೆದ ಮೇಲೆ ಒಂದು ಸಲ ಬಾಯಿಬಿಟ್ಟು ಓದಿ: 'ವಿಂಡೋಸ್ ಆಗಿದ್ದರೆ ಬಿಡು'. ಕಿವಿಗೆ ಸರಿ ಅನ್ನಿಸಿದರೆ ಸರಿ.

ಷರತ್ತು ನಿಜ-ಸುಳ್ಳು ಬೆಲೆಯಾಗಿದ್ದಾಗ ಕಾರಣ ಬರೆಯದಿದ್ದರೆ ಪೈಟೆಸ್ಟ್ ಎರರ್ ಕೊಡುತ್ತದೆ. ಒಳ್ಳೆಯದೇ ಮಾಡಿದ್ದಾರೆ. ಆದರೆ 'ವಿಂಡೋಸ್‌ನಲ್ಲಿ ಆಗಲ್ಲ' ಅಂತ ಬರೆದು ಮುಗಿಸಬೇಡಿ, ಅದು ಷರತ್ತಿನಲ್ಲೇ ಕಾಣುತ್ತದೆ. 'ವಿಂಡೋಸ್‌ನಲ್ಲಿ ಓಎಸ್.ಫೋರ್ಕ್ ಇಲ್ಲ, ಲಿನಕ್ಸ್ ಜಾಬ್‌ನಲ್ಲಿ ಓಡುತ್ತದೆ' ಎಂದು ಬರೆಯಿರಿ. ಯಾಕೆ ಬಿಟ್ಟೆ, ಎಲ್ಲಿ ಓಡುತ್ತೆ, ಎರಡೂ ಒಂದೇ ಸಾಲಿನಲ್ಲಿ. (ಜಾಬ್ ಅಂದರೆ ಸಿಐನಲ್ಲಿ ಒಂದು ಮೆಷಿನ್ ಮೇಲೆ ನಡೆಯುವ ಒಂದು ಓಟ.)

ಯಾವ ಆಪರೇಟಿಂಗ್ ಸಿಸ್ಟಮ್ ಅಂತ ತಿಳಿಯಲು ಸಿಸ್.ಪ್ಲಾಟ್‌ಫಾರ್ಮ್ ಇದೆ. ವಿಂಡೋಸ್ ಆದರೆ 'ವಿನ್32' ಅನ್ನುತ್ತದೆ. 64 ಬಿಟ್ ವಿಂಡೋಸ್ ಆದರೂ 'ವಿನ್32' ಎಂದೇ. 'ವಿನ್64' ಎಂದು ಷರತ್ತು ಹಾಕಿದರೆ ಅದು ಯಾವತ್ತೂ ನಿಜವಾಗುವುದಿಲ್ಲ. ಮ್ಯಾಕ್ ಆದರೆ 'ಡಾರ್ವಿನ್', ಲಿನಕ್ಸ್ ಆದರೆ 'ಲಿನಕ್ಸ್'. ಇನ್ನು ಪ್ರೊಸೆಸರ್ ಯಾವುದು ಎಂದು ಕೇಳಲು ಹೋದರೆ ಒಂದೇ ಜಾತಿಗೆ ಎರಡೆರಡು ಹೆಸರು. ಪ್ಲಾಟ್‌ಫಾರ್ಮ್.ಮೆಷಿನ್ ಹೊಸ ಮ್ಯಾಕ್‌ನಲ್ಲಿ 'ಆರ್ಮ್64' ಅನ್ನುತ್ತದೆ, ಅದೇ ಬಗೆಯ ಪ್ರೊಸೆಸರ್ ಇರುವ ಲಿನಕ್ಸ್‌ನಲ್ಲಿ 'ಎಆರ್ಚ್64' ಅನ್ನುತ್ತದೆ. ಎರಡನ್ನೂ ಷರತ್ತಿನಲ್ಲಿ ಸೇರಿಸಿ.

ಪೈಥಾನ್ ವರ್ಷನ್ ನೋಡುವಾಗ ಸಿಸ್.ವರ್ಷನ್_ಇನ್ಫೋ ಬಳಸಿ, ಅದನ್ನು (3, 10) ಥರದ ಜೋಡಿಯ ಜೊತೆ ಹೋಲಿಸಿ. ವರ್ಷನ್ ಅನ್ನು ಅಕ್ಷರದ ಸಾಲಾಗಿ ಹೋಲಿಸಿದರೆ '3.10' ಎನ್ನುವುದು '3.9'ಕ್ಕಿಂತ ಚಿಕ್ಕದು, ಯಾಕೆಂದರೆ ಅಲ್ಲಿ 1 ಮತ್ತು 9 ಹೋಲಿಕೆ ಆಗುತ್ತವೆ. ಟೆಸ್ಟ್ ಬೇಕಾದಲ್ಲಿ ಓಡದೆ ಬೇಡವಾದಲ್ಲಿ ಓಡುತ್ತದೆ.

ಒಂದೇ ಷರತ್ತು ಐದಾರು ಟೆಸ್ಟ್‌ಗೆ ಬೇಕಾದರೆ ಅದಕ್ಕೊಂದು ಹೆಸರು ಕೊಟ್ಟು ಒಂದು ಕಡೆ ಇಟ್ಟುಕೊಳ್ಳಿ. ಇಡೀ ಫೈಲಿಗೇ ಬೇಕಾದರೆ ಫೈಲಿನ ಮೇಲ್ಗಡೆ 'ಪೈಟೆಸ್ಟ್‌ಮಾರ್ಕ್' ಎಂಬ ವೇರಿಯಬಲ್‌ಗೆ ಅದನ್ನು ಕೊಟ್ಟರೆ ಸಾಕು. ಲೈಬ್ರರಿ ಇದ್ದರೆ ಮಾತ್ರ ಓಡಬೇಕಾದ ಫೈಲಿಗೆ ಪೈಟೆಸ್ಟ್.ಇಂಪೋರ್ಟ್‌ಆರ್‌ಸ್ಕಿಪ್ ಇದೆ, ಹೆಸರೇ ಎಲ್ಲ ಹೇಳುತ್ತದೆ.

ಹೆಜ್ಜೆ 3: ಎನ್ವಿರಾನ್‌ಮೆಂಟ್ ವೇರಿಯಬಲ್ ನಂಬುವ ಮುಂಚೆ

ಎನ್ವಿರಾನ್‌ಮೆಂಟ್ ವೇರಿಯಬಲ್‌ನ ಬೆಲೆ ಯಾವಾಗಲೂ ಅಕ್ಷರದ ಸಾಲು. ಯಾರೋ 'ರನ್_ಸ್ಲೋ' ಅನ್ನು 'ಫಾಲ್ಸ್' ಎಂದು ಇಟ್ಟಿದ್ದಾರೆ ಅನ್ನಿ. ಪೈಥಾನ್‌ಗೆ ಅದು ಖಾಲಿಯಲ್ಲದ ಒಂದು ಪದ, ಅಂದರೆ ನಿಜ. 'ಬೇಡ' ಅಂದರೂ ಟೆಸ್ಟ್ ಓಡುತ್ತದೆ. '0' ಇಟ್ಟರೂ ಅಷ್ಟೇ. ಆದ್ದರಿಂದ ಒಂದು ಚಿಕ್ಕ ಫಂಕ್ಷನ್ ಬರೆದಿಡಿ: ಬೆಲೆಯನ್ನು ಸಣ್ಣಕ್ಷರ ಮಾಡಿ, '1', 'ಟ್ರೂ', 'ಯೆಸ್' ಈ ಮೂರರಲ್ಲಿ ಒಂದಾದರೆ ಮಾತ್ರ ನಿಜ ಎನ್ನಲಿ. ಎಲ್ಲರೂ ಅದನ್ನೇ ಬಳಸಲಿ.

ಇನ್ನೊಂದು ಗಮನಿಸಿ. ಸ್ಕಿಪ್‌ಇಫ್‌ಗೆ ಕೊಟ್ಟ ನಿಜ-ಸುಳ್ಳು ಷರತ್ತನ್ನು ಪೈಥಾನ್ ಲೆಕ್ಕ ಹಾಕುವುದು ಫೈಲ್ ಓದುವಾಗ, ಟೆಸ್ಟ್ ಓಡುವಾಗ ಅಲ್ಲ. ಫಿಕ್ಸ್ಚರ್ (ಟೆಸ್ಟ್‌ಗೆ ಬೇಕಾದ ತಯಾರಿ ಮಾಡಿಕೊಡುವ ಫಂಕ್ಷನ್) ಒಳಗೆ ಮಂಕಿಪ್ಯಾಚ್‌ನಿಂದ (ತಾತ್ಕಾಲಿಕವಾಗಿ ಬೆಲೆ ಬದಲಿಸುವ ಪೈಟೆಸ್ಟ್ ಸೌಲಭ್ಯ) ವೇರಿಯಬಲ್ ಬದಲಿಸಿ 'ಯಾಕೆ ಇನ್ನೂ ಸ್ಕಿಪ್ ಆಗ್ತಿದೆ' ಎಂದು ತಲೆ ಕೆರೆದುಕೊಂಡರೆ ಪ್ರಯೋಜನವಿಲ್ಲ, ಅಷ್ಟು ಹೊತ್ತಿಗೆ ತೀರ್ಮಾನ ಆಗಿಹೋಗಿರುತ್ತದೆ. ಇದೇ ಕಾರಣಕ್ಕೆ ಷರತ್ತಿನೊಳಗೆ ಡೇಟಾಬೇಸ್‌ಗೆ ಕನೆಕ್ಟ್ ಮಾಡಿ ನೋಡುವ ಕೆಲಸವೂ ಬೇಡ. ಯಾರೋ ಬೇರೆ ಯಾವುದೋ ಟೆಸ್ಟ್‌ಗಳ ಪಟ್ಟಿ ನೋಡಲು ಹೋದರೂ ಅದು ನೆಟ್‌ವರ್ಕ್ ತಟ್ಟುತ್ತಾ ಕೂರುತ್ತದೆ.

ಹೆಜ್ಜೆ 4: ಲ್ಯಾಪ್‌ಟಾಪ್‌ನಲ್ಲಿ ಸ್ಕಿಪ್, ಸಿಐನಲ್ಲಿ ಫೇಲ್

ನನ್ನ ಆ 41 ಟೆಸ್ಟ್‌ಗಳ ಕಥೆಗೆ ಮದ್ದು ಇಲ್ಲಿದೆ. ಈ ಲೇಖನದಲ್ಲಿ ಒಂದೇ ಒಂದು ವಿಷಯ ಮಾಡುತ್ತೀರಿ ಅಂದರೆ ಇದನ್ನು ಮಾಡಿ.

ಹೊಸದಾಗಿ ಸೇರಿದವರ ಲ್ಯಾಪ್‌ಟಾಪ್‌ನಲ್ಲಿ ಪೋಸ್ಟ್‌ಗ್ರೆಸ್ ಇಲ್ಲದಿದ್ದರೆ ಪರವಾಗಿಲ್ಲ, ಆ ಟೆಸ್ಟ್‌ಗಳು ಸ್ಕಿಪ್ ಆಗಲಿ. ಆದರೆ ಸಿಐನಲ್ಲಿ ಪೋಸ್ಟ್‌ಗ್ರೆಸ್ ಇಲ್ಲ ಅಂದರೆ ಏನೋ ಕೆಟ್ಟಿದೆ ಅಂತಲೇ ಅರ್ಥ. ಅಲ್ಲಿ ಸ್ಕಿಪ್ ಆಗಬಾರದು, ಬಿಲ್ಡ್ ಕೆಂಪಾಗಬೇಕು. ಒಂದೇ ಕೊರತೆ, ಎರಡು ಜಾಗದಲ್ಲಿ ಎರಡು ಬೆಲೆ.

ಕಾನ್ಫ್‌ಟೆಸ್ಟ್ ಫೈಲಿನಲ್ಲಿ (ಹಲವು ಟೆಸ್ಟ್‌ಗಳು ಹಂಚಿಕೊಳ್ಳುವ ಕೋಡ್ ಇಡುವ ಜಾಗ) ಒಂದು ಫಿಕ್ಸ್ಚರ್ ಬರೆಯಿರಿ, ಸ್ಕೋಪ್ 'ಸೆಷನ್' ಇರಲಿ, ಅಂದರೆ ಇಡೀ ಓಟಕ್ಕೆ ಒಂದೇ ಸಲ. ಅದು ಡೇಟಾಬೇಸ್‌ಗೆ ಕನೆಕ್ಟ್ ಮಾಡಿ ನೋಡಲಿ, ಎರಡು ಸೆಕೆಂಡ್‌ಗಿಂತ ಜಾಸ್ತಿ ಕಾಯುವುದು ಬೇಡ. ಸಿಕ್ಕಿದರೆ ಆ ಕನೆಕ್ಷನ್ ಅನ್ನೇ ಟೆಸ್ಟ್‌ಗೆ ಕೊಡಲಿ. ಸಿಗದಿದ್ದರೆ 'ಸಿಐ' ಎಂಬ ವೇರಿಯಬಲ್ ನೋಡಲಿ. ಗಿಟ್‌ಹಬ್ ಆಕ್ಷನ್ಸ್ ಮತ್ತು ಗಿಟ್‌ಲ್ಯಾಬ್ ಎರಡೂ ಅದನ್ನು 'ಟ್ರೂ' ಎಂದು ತಾವಾಗಿಯೇ ಇಟ್ಟಿರುತ್ತವೆ. ಅದು ನಿಜವಾದರೆ ಪೈಟೆಸ್ಟ್.ಫೇಲ್ ಕರೆಯಿರಿ. ಅಲ್ಲವಾದರೆ ಪೈಟೆಸ್ಟ್.ಸ್ಕಿಪ್, ಜೊತೆಗೆ ಕೆಲಸಕ್ಕೆ ಬರುವ ಸಂದೇಶ: 'ಪೋಸ್ಟ್‌ಗ್ರೆಸ್ 5432ರಲ್ಲಿ ಸಿಗಲಿಲ್ಲ, ಡಾಕರ್ ಕಂಪೋಸ್ ಅಪ್ ಮಾಡಿ ಮತ್ತೆ ಓಡಿಸಿ'.

ಸೆಷನ್ ಸ್ಕೋಪ್ ಯಾಕೆ ಅಂದರೆ, ಪೈಟೆಸ್ಟ್ ಫಿಕ್ಸ್ಚರ್‌ನ ಫಲಿತಾಂಶ ನೆನಪಿಟ್ಟುಕೊಳ್ಳುತ್ತದೆ, ಅದು ಸ್ಕಿಪ್ ಆದರೂ ಸರಿ. ಹಾಗಾಗಿ ಆ ಎರಡು ಸೆಕೆಂಡ್ ಕಾಯುವುದು ಒಂದೇ ಸಲ. ಇಲ್ಲದಿದ್ದರೆ 41 ಟೆಸ್ಟ್‌ಗೆ 82 ಸೆಕೆಂಡ್ ಸುಮ್ನೆ ಹೋಗುತ್ತದೆ.

ಇದನ್ನು ಹಾಕಿದ ದಿನವೇ ಒಮ್ಮೆ ಪರೀಕ್ಷೆ ಮಾಡಿ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಪೋಸ್ಟ್‌ಗ್ರೆಸ್ ನಿಲ್ಲಿಸಿ, ಸಿಐ ವೇರಿಯಬಲ್ ಅನ್ನು 'ಟ್ರೂ' ಮಾಡಿ, ಟೆಸ್ಟ್ ಓಡಿಸಿ. ಕೆಂಪು ಬಂದರೆ ಸರಿ. ಹೊಗೆ ಬಿಟ್ಟು ನೋಡದೆ ಸ್ಮೋಕ್ ಅಲಾರಂ ನಂಬುವುದು ಬೇಡ.

ಹೆಜ್ಜೆ 5: ಅಪಾಯದ ಟೆಸ್ಟ್ ಕೇಳಿದರೆ ಮಾತ್ರ ಓಡಲಿ

ನಿಧಾನದ ಟೆಸ್ಟ್‌ಗಳಿಗೆ 'ಸ್ಲೋ' ಎಂಬ ಮಾರ್ಕರ್, ಅಂದರೆ ಗುರುತು, ಹಾಕಿ, ಓಡಿಸುವಾಗ -ಎಮ್ "ನಾಟ್ ಸ್ಲೋ" ಎಂದು ಕೊಟ್ಟರೆ ಅವು ಬಿಟ್ಟುಹೋಗುತ್ತವೆ. ಮಾರ್ಕರ್ ಹೆಸರುಗಳನ್ನು ಪೈಟೆಸ್ಟ್.ಇನಿ ಫೈಲಿನಲ್ಲಿ ಬರೆದಿಟ್ಟು, --ಸ್ಟ್ರಿಕ್ಟ್-ಮಾರ್ಕರ್ಸ್ ಹಾಕಿ. ಡೆಕೊರೇಟರ್‌ನಲ್ಲಿ ಯಾರಾದರೂ ಸ್ಪೆಲ್ಲಿಂಗ್ ತಪ್ಪು ಬರೆದರೆ ಆಗಲೇ ಸಿಕ್ಕಿಬೀಳುತ್ತದೆ.

ಆದರೆ ಆ ಕಾವಲು -ಎಮ್ ನಂತರ ಬರೆದ ಹೆಸರಿಗೆ ಇಲ್ಲ. -ಎಮ್ "ನಾಟ್ ಸ್ಲೋ" ಬದಲು ಬೆರಳು ಜಾರಿ "ನಾಟ್ ಸೋಲ್" ಎಂದು ಬರೆದಿರಿ ಅನ್ನಿ. ಆ ಹೆಸರಿನ ಮಾರ್ಕರ್ ಯಾವ ಟೆಸ್ಟ್‌ಗೂ ಇಲ್ಲ, ಹಾಗಾಗಿ ಎಲ್ಲಾ ಟೆಸ್ಟ್ ಓಡುತ್ತವೆ. ನಿಧಾನದ ಟೆಸ್ಟ್ ಆದರೆ ಹತ್ತು ನಿಮಿಷ ದಂಡ, ಅಷ್ಟೇ. ನಿಜವಾದ ಎಸ್ಸೆಮ್ಮೆಸ್ ಕಳಿಸುವ, ನಿಜವಾದ ಡೇಟಾ ಅಳಿಸುವ ಟೆಸ್ಟ್ ಆದರೆ?

ಅಂಥವನ್ನು ತಿರುಗಿಸಿ ಕಟ್ಟಬೇಕು. ಸುಮ್ಮನಿದ್ದರೆ ಓಡಬಾರದು, ಬಾಯಿಬಿಟ್ಟು ಕೇಳಿದರೆ ಮಾತ್ರ ಓಡಬೇಕು. ಎಲ್ಲಕ್ಕಿಂತ ಮೇಲಿನ (ರೂಟ್) ಫೋಲ್ಡರ್‌ನ ಕಾನ್ಫ್‌ಟೆಸ್ಟ್‌ನಲ್ಲಿ ಪೈಟೆಸ್ಟ್_ಆಡ್‌ಆಪ್ಷನ್ ಎಂಬ ಫಂಕ್ಷನ್ ಬರೆದು --ಲೈವ್ ಎಂಬ ಆಯ್ಕೆ ಸೇರಿಸಿ. ಆಮೇಲೆ ಪೈಟೆಸ್ಟ್_ಕಲೆಕ್ಷನ್_ಮಾಡಿಫೈಐಟಮ್ಸ್ ಎಂಬ ಇನ್ನೊಂದು ಫಂಕ್ಷನ್. ಅದು ಎಲ್ಲಾ ಟೆಸ್ಟ್‌ಗಳನ್ನು ಒಂದೊಂದಾಗಿ ನೋಡುತ್ತಾ ಹೋಗಲಿ. --ಲೈವ್ ಕೊಟ್ಟಿಲ್ಲ, ಟೆಸ್ಟ್‌ಗೆ 'ಲೈವ್' ಮಾರ್ಕರ್ ಇದೆ ಅಂದರೆ ಅದಕ್ಕೆ ಸ್ಕಿಪ್ ಅಂಟಿಸಲಿ. ಮಾರ್ಕರ್ ಇದೆಯಾ ಎಂದು ನೋಡಲು ಗೆಟ್_ಕ್ಲೋಸೆಸ್ಟ್_ಮಾರ್ಕರ್ ಬಳಸಿ. ಬಹಳ ಕಡೆ 'ಕೀವರ್ಡ್ಸ್'ನಲ್ಲಿ ಹುಡುಕುವ ಕೋಡ್ ಸಿಗುತ್ತದೆ, ಆದರೆ ಅದರಲ್ಲಿ ಫೋಲ್ಡರ್ ಮತ್ತು ಫೈಲ್ ಹೆಸರುಗಳೂ ಸೇರಿರುತ್ತವೆ. 'ಲೈವ್' ಎಂಬ ಫೋಲ್ಡರ್ ಇದ್ದರೆ ಅದರೊಳಗಿನ ಬಡಪಾಯಿ ಟೆಸ್ಟ್‌ಗಳೂ ಸುಮ್ನೆ ಸ್ಕಿಪ್ ಆಗುತ್ತವೆ.

ಇದರ ಮೇಲೆ ಇನ್ನೊಂದು ಬೀಗ ಹಾಕಿ. ಟೆಸ್ಟ್ ಶುರುವಾಗುವ ಮೊದಲೇ ಡೇಟಾಬೇಸ್ ವಿಳಾಸ ನೋಡಿ, ಅದು ಲೋಕಲ್‌ಹೋಸ್ಟ್ ಅಥವಾ ನಿಮ್ಮ ಟೆಸ್ಟ್ ಸರ್ವರ್ ಅಲ್ಲದಿದ್ದರೆ ಪೈಟೆಸ್ಟ್.ಎಕ್ಸಿಟ್ ಕರೆದು ಇಡೀ ಓಟವನ್ನೇ ನಿಲ್ಲಿಸಿ. 'ಪ್ರೊಡಕ್ಷನ್ ಅಲ್ಲದಿದ್ದರೆ ಓಡು' ಎಂದು ಬರೆಯಬೇಡಿ. 'ಈ ಎರಡರಲ್ಲಿ ಒಂದಾದರೆ ಮಾತ್ರ ಓಡು' ಎಂದು ಬರೆಯಿರಿ. ನಾಳೆ ಹೊಸ ಪ್ರೊಡಕ್ಷನ್ ಸರ್ವರ್ ಬೇರೆ ಹೆಸರಲ್ಲಿ ಬಂದರೂ ಬೀಗ ಗಟ್ಟಿಯಾಗೇ ಇರುತ್ತದೆ.

ಹೆಜ್ಜೆ 6: ಗೊತ್ತಿರುವ ತಪ್ಪಿಗೆ ಎಕ್ಸ್‌ಫೇಲ್

ಮ್ಯಾಕ್‌ನಲ್ಲಿ ನಿಮ್ಮ ಕೋಡ್‌ನಲ್ಲಿ ಒಂದು ತಪ್ಪಿದೆ, ಗೊತ್ತಿದೆ, ಈ ವಾರ ಸರಿಮಾಡಲು ಪುರುಸೊತ್ತಿಲ್ಲ. ಇಲ್ಲಿ ಸ್ಕಿಪ್ ಹಾಕಿದರೆ ಅದು ಅಲ್ಲೇ ಗೆದ್ದಲು ಹಿಡಿಯುತ್ತದೆ. ಎಕ್ಸ್‌ಫೇಲ್ ('ಇದು ಫೇಲ್ ಆಗುತ್ತದೆ ಅಂತ ಗೊತ್ತು' ಎಂಬ ಗುರುತು) ಹಾಕಿ, ಷರತ್ತು ಅದೇ, ಜೊತೆಗೆ 'ಸ್ಟ್ರಿಕ್ಟ್' ಅನ್ನು ನಿಜ ಮಾಡಿ. ಆಗ ಟೆಸ್ಟ್ ಓಡುತ್ತಲೇ ಇರುತ್ತದೆ, ಫೇಲ್ ಆದರೆ ಬಿಲ್ಡ್ ಕೆಡುವುದಿಲ್ಲ. ಯಾರೋ ತಪ್ಪು ಸರಿಮಾಡಿ ಟೆಸ್ಟ್ ಪಾಸ್ ಆದ ದಿನ ಬಿಲ್ಡ್ ಕೆಂಪಾಗುತ್ತದೆ, 'ಇನ್ನು ಈ ಗುರುತು ತೆಗೀರಿ' ಎಂದು ಅದೇ ನೆನಪಿಸುತ್ತದೆ. ಯಾವ ಎರರ್ ಬರಬೇಕು ಎಂದು 'ರೈಸಸ್'ನಲ್ಲಿ ಹೇಳಿದರೆ ಇನ್ನೂ ಒಳ್ಳೆಯದು, ಬೇರೆ ತಪ್ಪು ಅದರ ನೆರಳಲ್ಲಿ ಅಡಗುವುದಿಲ್ಲ.

ಹೆಜ್ಜೆ 7: ಎಲ್ಲಾ ಕಡೆ ಓಡಿಸುವ ಮ್ಯಾಟ್ರಿಕ್ಸ್

'ಲಿನಕ್ಸ್ ಜಾಬ್‌ನಲ್ಲಿ ಓಡುತ್ತದೆ' ಎಂದು ಕಾರಣದಲ್ಲಿ ಬರೆದಿರಲ್ಲ, ಆ ಜಾಬ್ ಇರಬೇಕಲ್ವಾ? ಗಿಟ್‌ಹಬ್ ಆಕ್ಷನ್ಸ್‌ನಲ್ಲಿ 'ಮ್ಯಾಟ್ರಿಕ್ಸ್' ಕೆಳಗೆ ಉಬುಂಟು, ವಿಂಡೋಸ್, ಮ್ಯಾಕ್ ಮೂರನ್ನೂ, ಬೇಕಾದ ಪೈಥಾನ್ ವರ್ಷನ್‌ಗಳನ್ನೂ ಬರೆದರೆ ಪ್ರತಿ ಜೋಡಿಗೂ ಒಂದು ಜಾಬ್ ಹುಟ್ಟುತ್ತದೆ. ಮೂರು ಸಿಸ್ಟಮ್, ನಾಲ್ಕು ವರ್ಷನ್ ಅಂದರೆ 12 ಜಾಬ್. ಅಷ್ಟು ಬೇಡದಿದ್ದರೆ 'ಎಕ್ಸ್‌ಕ್ಲೂಡ್'ನಲ್ಲಿ ಕೆಲವನ್ನು ಕಳೆಯಿರಿ. ನಾನು ಲಿನಕ್ಸ್‌ನಲ್ಲಿ ಎಲ್ಲಾ ವರ್ಷನ್, ಉಳಿದ ಎರಡರಲ್ಲಿ ಹಳೆಯದೊಂದು ಹೊಸದೊಂದು ಇಡುತ್ತೇನೆ.

ಇಲ್ಲಿ ಎಡವಿ ಬೀಳುವ ಎರಡು ಗುಂಡಿಗಳಿವೆ. ವರ್ಷನ್‌ಗೆ ಕೋಟ್ ಹಾಕದೆ 3.10 ಎಂದು ಬರೆದರೆ ಯಾಮಲ್ (ಈ ಸೆಟ್ಟಿಂಗ್ ಫೈಲ್ ಬರೆಯುವ ಭಾಷೆ) ಅದನ್ನು ದಶಮಾಂಶ ಸಂಖ್ಯೆ ಅಂದುಕೊಂಡು 3.1 ಮಾಡಿಬಿಡುತ್ತದೆ. ಕೋಟ್ ಹಾಕಿ. ಇನ್ನೊಂದು 'ಫೇಲ್-ಫಾಸ್ಟ್'. ಅದು ತಾನಾಗಿಯೇ ಆನ್ ಇರುತ್ತದೆ, ಒಂದು ಜಾಬ್ ಬಿದ್ದರೆ ಉಳಿದವನ್ನೂ ನಿಲ್ಲಿಸುತ್ತದೆ. ತಪ್ಪು ವಿಂಡೋಸ್‌ನಲ್ಲಿ ಮಾತ್ರವಾ ಎಲ್ಲಾ ಕಡೆಯಾ ಎಂದು ತಿಳಿಯುವುದೇ ಇಲ್ಲ. ಆಫ್ ಮಾಡಿ.

ಹೆಜ್ಜೆ 8: ಬಿಟ್ಟುಹೋದದ್ದನ್ನು ಎಣಿಸಿ

ಸಿಐನ ಆಜ್ಞೆಯಲ್ಲಿ -ಆರ್‌ಎಸ್ ಸೇರಿಸಿ. ಕೊನೆಯಲ್ಲಿ ಪ್ರತಿ ಸ್ಕಿಪ್‌ನ ಜಾಗ ಮತ್ತು ನೀವು ಬರೆದ ಕಾರಣ ಪಟ್ಟಿಯಾಗಿ ಬರುತ್ತವೆ. ಎಲ್ಲಾ ಟೆಸ್ಟ್ ಸ್ಕಿಪ್ ಆದರೂ ಪೈಟೆಸ್ಟ್ ಮುಗಿಯುವಾಗ ಎಕ್ಸಿಟ್ ಕೋಡ್ 0 ಎಂದೇ ವಾಪಸ್ ಕೊಡುತ್ತದೆ, ಅಂದರೆ ಯಶಸ್ಸು. -ಎಮ್ ಹಾಕಿದಾಗ ಒಂದೂ ಟೆಸ್ಟ್ ಉಳಿಯದಿದ್ದರೆ ಮಾತ್ರ 5 ಕೊಟ್ಟು ಎಚ್ಚರಿಸುತ್ತದೆ. ಹಾಗಾಗಿ ಎಕ್ಸಿಟ್ ಕೋಡ್ ನೋಡಿ ನೆಮ್ಮದಿಯಾಗಿ ಕೂರಬೇಡಿ.

ನಾನು ಈಗ ಮಾಡುವುದು ಇಷ್ಟು. ಪ್ರತಿ ಜಾಬ್‌ನಲ್ಲೂ ಫಲಿತಾಂಶವನ್ನು ಎಕ್ಸ್‌ಎಮ್‌ಎಲ್ ಫೈಲಾಗಿ ಬರೆಸುತ್ತೇನೆ, ಅದಕ್ಕೆ --ಜೆಯುನಿಟ್‌ಎಕ್ಸ್‌ಎಮ್‌ಎಲ್ ಎಂಬ ಆಯ್ಕೆ ಇದೆ. ಎಲ್ಲಾ ಜಾಬ್ ಮುಗಿದ ಮೇಲೆ ಮೂವತ್ತು ಸಾಲಿನ ಒಂದು ಸ್ಕ್ರಿಪ್ಟ್ ಆ ಫೈಲುಗಳನ್ನೆಲ್ಲ ಓದಿ ಒಂದೇ ಪ್ರಶ್ನೆ ಕೇಳುತ್ತದೆ: ಯಾವ ಜಾಬ್‌ನಲ್ಲೂ ಓಡದ ಟೆಸ್ಟ್ ಯಾವುದಾದರೂ ಇದೆಯಾ? ಇದ್ದರೆ ಬಿಲ್ಡ್ ಕೆಂಪು. 'ಲೈವ್' ಗುರುತಿನವು ಮಾತ್ರ ಇದರಿಂದ ಹೊರಗೆ, ಅವುಗಳಿಗೆ ವಾರಕ್ಕೊಮ್ಮೆ ಬೇರೆ ಜಾಬ್ ಇದೆ. ಮೊದಲ ದಿನ ಈ ಸ್ಕ್ರಿಪ್ಟ್ ಓಡಿಸಿದಾಗ ಹದಿನೇಳು ಹೆಸರು ಸಿಕ್ಕವು. ಅದರಲ್ಲಿ ಮೂರು ಟೆಸ್ಟ್‌ಗಳ ಕಾರಣದ ಜಾಗದಲ್ಲಿ 'ಆಮೇಲೆ ನೋಡೋಣ' ಎಂದಿತ್ತು. ಎರಡು ನನ್ನವೇ.